ಕರೆಯಲು ಬರುವವರು

ಪಂಚಮಿಗೆ ತವರಿನವರು ಬಂದು ಕರೆಯದೆ ಸೊಸೆ ಹೋಗುವಂತಿಲ್ಲ. ವಾಡಿಯ ಅತ್ತೆಮನೆಯ ಕಟ್ಟೆಯ ಮೇಲೆ ಕಾಲೇಜಿನ ಪುಸ್ತಕ ಹಿಡಿದು, ತವರೂರು ಆಡಕಿಯಿಂದ ಬರಬೇಕಾದ ಅಣ್ಣನ ದಾರಿ ನೋಡುತ್ತಿದ್ದೆ. ಅಲ್ಲಿ ನನ್ನ ಅಜ್ಜಿ ಇದ್ದಾಳೆ, ಅವಳ ಕಥೆಗಳಿವೆ.

“ಏನ್ ಓದಾಕತ್ತೀ?” ಅತ್ತೆ ಮಾಳಮ್ಮ ಕೇಳಿದರು.

“ಜೀವಕೋಶದಾಗ ನೀರೇ ಭಾಳರಿ. ಕೊಬ್ಬು ನೀರಾಗ ಕೂಡಂಗಿಲ್ಲ. ಪ್ರೋಟೀನು ಬಂದು ಅದನ್ನ ಮಡಿಲಾಗ ಇಟ್ಕೊಂಡು ಒಯ್ತದ. ಉರಿಯೋ ಕಡೆ ಒಯ್ದರ ಶಕ್ತಿ ಆಗ್ತದ. ಕೋಶಕೇಂದ್ರಕ್ಕ ಒಯ್ದರ ಕೋಶದ ಕೆಲಸಾನೇ ಬದಲಾಗ್ತದ.”

“ಒಯ್ಯಾಕ ಯಾರೂ ಬರಲಿಲ್ಲಂದ್ರ?”

“ಇದ್ದಲ್ಲೇ ಹನಿಗಟ್ಟಿ ಕುಂದರ್ತದ್ರಿ.”

ಆಡಕಿಯವರು ಹತ್ತಿ ಬರುವ, ಸೇಡಂ ಕಡೆಯಿಂದ ಬರುವ ರೈಲುಗಾಡಿ ಬಂದು ಹೋಯಿತು. ಅಣ್ಣ ಬರಲಿಲ್ಲ. ಅತ್ತೆ ಸೆರಗಿನಿಂದ ನನ್ನ ಕಣ್ಣೊರೆಸಿ ಪಕ್ಕದಲ್ಲೇ ಕೂತರು.

“ನನ್ನ ಅಣ್ಣನೂ ಹಿಂಗೇ ಕಾಯಿಸ್ತಿದ್ದ. ಸಂಜಿ ಗಾಡಿ ಇನ್ನಾ ಅದ, ನೋಡೂಣು.”