ಮಾರುವವರು ಯಾರೆಂದು ಕೇಳಲಿಲ್ಲ

ದುಡ್ಡಿನ ವಿಷಯದಲ್ಲಿ ಶಂಕರಿ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ತಿರುವನಂತಪುರದ ಸೆಕ್ರೆಟೇರಿಯೆಟ್‌ನಲ್ಲಿ ಕಡತಗಳ ನಡುವೆಯೇ ಕೂದಲು ನೆರೆಸಿಕೊಂಡವಳು. ಚಂದದ ಮಾತಿನ ಹಿಂದೆ ಏನಿದೆ ಎಂದು ಕೆದಕಿ ನೋಡುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಗಂಡ ಮಹೇಶ್ವರ ವಂಚಿಯೂರು ಕೋರ್ಟಿನಲ್ಲಿ ವಕೀಲ. ಉಳಿಸಿದ ಹಣವನ್ನೆಲ್ಲ ಸರ್ಕಾರದ ಟ್ರೆಷರಿಯಲ್ಲಿ ಠೇವಣಿಯಿಟ್ಟು ಹಾಯಾಗಿ ನಿದ್ದೆ ಹೊಡೆಯುವ ಜಾಯಮಾನದವನು. ಇಬ್ಬರೂ ಕಾಸರಗೋಡಿನವರು. ಅಂಥವರ ಮನೆಯೊಳಗೆ ಷೇರು ಮಾರುಕಟ್ಟೆ ಕಾಲಿಟ್ಟದ್ದು ಕಾಶೀನಾಥರಿಂದ.

ಕಾಶೀನಾಥ ಧಾರವಾಡದ ಕಡೆಯವರು, ಬ್ಯಾಂಕಿನಲ್ಲಿ ಮ್ಯಾನೇಜರ್. ವರ್ಗವಾಗಿ ತಿರುವನಂತಪುರಕ್ಕೆ ಬಂದ ವರ್ಷ ಕನ್ನಡ ಸಂಘದ ಯುಗಾದಿ ಊಟದಲ್ಲಿ ಪರಿಚಯವಾದರು. ಬಡಿಸುವಾಗ ಯಾರೋ ಷೇರಿನ ಮಾತೆತ್ತಿದ್ದಕ್ಕೆ, "ದರ ಏರ್ತದೋ ಇಳೀತದೋ ಅಂತ ಕೇಳಬ್ಯಾಡ್ರಿ. ಆ ಅಂಗಡಿ ನಿಮಗ ಪೂರ್ತಿ ಕೊಟ್ರ ನಡಸ್ತೀರೇನು, ಅದನ್ನ ಕೇಳ್ಕೋರಿ" ಎಂದಿದ್ದರು. ಆ ಮಾತು ಶಂಕರಿಗೆ ಹಿಡಿಸಿತು. ಮುಂದಿನ ತಿಂಗಳಿನಿಂದ ಶ್ರೀಕಾರ್ಯಂನಲ್ಲಿದ್ದ ಅವಳ ಮನೆಯ ಊಟದ ಮೇಜಿನ ಸುತ್ತ ಒಂದು ಸಣ್ಣ ಗುಂಪು ಕೂಡತೊಡಗಿತು. ಚಹಾ, ಅವಲಕ್ಕಿ, ಕಂಪನಿಗಳ ವಾರ್ಷಿಕ ವರದಿ. ಸಾಲವೆಷ್ಟು, ಲಾಭ ನಿಜವಾಗಿ ಕೈಗೆ ಬಂದದ್ದೋ ಬರೀ ಕಾಗದದ ಮೇಲಿನದೋ ಎಂದು ಕಾಶೀನಾಥ ಮಕ್ಕಳಿಗೆ ಮಗ್ಗಿ ಕಲಿಸುವ ಹಾಗೆ ಕಲಿಸಿದರು. ಅದಕ್ಕೆ ಒಂದು ಕಾಸು ಕೇಳಲಿಲ್ಲ.

ಶಂಕರಿಯ ಕಚೇರಿಯಲ್ಲಿ ಕೆಲಸ ಮಾಡುವ ಆಯೇಷಾಳೂ ಆ ಗುಂಪಿನಲ್ಲಿದ್ದಳು. ಉಪ್ಪಳದವಳು, ಕನ್ನಡ ಶಾಲೆಯಲ್ಲಿ ಓದಿದವಳು. ಗಂಡ ತೀರಿಕೊಂಡ ಮೇಲೆ ಮಗಳೊಂದಿಗೆ ಬಾಡಿಗೆ ಮನೆಯಲ್ಲಿದ್ದಳು. ಶಂಕರಿಗೆ ಅವಳು ತಂಗಿಯಂತೆ. ಅವಳನ್ನು ಗುಂಪಿಗೆ ಕರೆತಂದವಳೂ ಶಂಕರಿಯೇ.

ಒಂದು ಭಾನುವಾರ ಕಾಶೀನಾಥ ಎಲ್ಲರನ್ನೂ ವಿಳಿಂಜಂಗೆ ಕರೆದುಕೊಂಡು ಹೋದರು. ಮೀನುಗಾರಿಕೆಯ ಬಲೆ ಮತ್ತು ಹಗ್ಗ ತಯಾರಿಸುವ ಒಂದು ಸಣ್ಣ ಕಂಪನಿಯ ಮೇಲೆ ಅವರ ಕಣ್ಣಿತ್ತು. ಹರಿದ ಬಲೆ ಹೊಲಿಯುತ್ತ ಕೂತಿದ್ದ ಮೀನುಗಾರರ ಹತ್ತಿರ ಆಯೇಷಾ ಮಲಯಾಳದಲ್ಲಿ ಮಾತಿಗಿಳಿದಳು. ಬೇರೆ ಬಲೆಗಿಂತ ದುಬಾರಿಯಾದರೂ ಅವರೆಲ್ಲ ಕೊಳ್ಳುವುದು ಅದೇ ಕಂಪನಿಯದ್ದು. "ಇದರಾಗ ನಿಮಗ ಯಾವ ಬ್ರೋಕರ್ ಬೇಕ್ರಿ?" ಎಂದು ಕಾಶೀನಾಥ ನಕ್ಕರು. ಕಾಶೀನಾಥರೂ ಸೇರಿ ಎಲ್ಲರೂ ಆ ಕಂಪನಿಯ ಷೇರು ಕೊಂಡರು. ಅಷ್ಟಷ್ಟೇ, ತಿಂಗಳು ತಿಂಗಳು. ಆ ಷೇರು ಸಿಗುವುದೇ ಕಷ್ಟ. ಮಾರುವವರೇ ಇಲ್ಲ, ನೂರು ಷೇರು ಬೇಕೆಂದು ಆರ್ಡರ್ ಹಾಕಿದರೆ ವಾರಗಟ್ಟಲೆ ಕಾಯಬೇಕಿತ್ತು.

ಗುಂಪಿನಲ್ಲಿ ಅಭಿಜಿತ್ ಎಂಬ ಯುವಕನಿದ್ದ, ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕ. ಅವನು ಮೊಬೈಲಿನಲ್ಲಿ ಆಪ್ಷನ್ಸ್ ಆಡುತ್ತಾನೆಂದು ಒಂದು ದಿನ ಬಯಲಾಯಿತು. ಮಾರುಕಟ್ಟೆ ಇಂದು ಸಂಜೆಯೊಳಗೆ ಏರುತ್ತದೋ ಇಳಿಯುತ್ತದೋ ಎಂದು ಪಣ ಕಟ್ಟುವ ಆಟ ಅದು. ಕಾಶೀನಾಥ ಎಲ್ಲರೆದುರು ಅವನನ್ನು ತರಾಟೆಗೆ ತೆಗೆದುಕೊಂಡರು. "ಇಸ್ಪೀಟ್ ಆಡೋರಿಗೆ ಈ ಮನ್ಯಾಗ ಜಾಗ ಇಲ್ರಿ. ಇವತ್ತ ಗೆಲ್ತಿ, ನಾಳೆ ಹೆಂಡತಿ ಕೊರಳಾಗಿನ ಬಂಗಾರಕ್ಕ ಕೈ ಹಾಕ್ತಿ." ಹುಡುಗ ಮುಖ ಕೆಂಪಗೆ ಮಾಡಿಕೊಂಡು ಎದ್ದು ಹೋದ, ಮತ್ತೆ ಬರಲಿಲ್ಲ. ಶಂಕರಿಗೆ ಪಾಪ ಅನ್ನಿಸಿತಾದರೂ ಕಾಶೀನಾಥರ ಮೇಲಿನ ಗೌರವ ಅಂದು ಇಮ್ಮಡಿಯಾಯಿತು.

ಮುಂದೆ ಕಾಶೀನಾಥರಿಗೆ ಕೊಚ್ಚಿಗೆ ವರ್ಗವಾಯಿತು. ಪಾಲಾರಿವಟ್ಟಂನಲ್ಲಿ ಫ್ಲ್ಯಾಟು ಹಿಡಿದರು. ಭಾನುವಾರದ ಪಾಠ ಫೋನಿನಲ್ಲಿ ಮುಂದುವರಿಯಿತು. ದನಿ ಸ್ವಲ್ಪ ಸೋತಂತಿರುತ್ತಿತ್ತು. ಹೊಸ ಶಾಖೆಯ ಕೆಲಸದ ಒತ್ತಡ ಎಂದುಕೊಂಡಳು ಶಂಕರಿ.

ಆಮೇಲೆ ಮಾರುಕಟ್ಟೆ ಬಿತ್ತು. ಎಲ್ಲಿಯದೋ ಯುದ್ಧ, ಯಾರದೋ ಸುಂಕ; ಬೆಳಿಗ್ಗೆ ಎದ್ದರೆ ಮೊಬೈಲೆಲ್ಲ ಕೆಂಪು. ಬಲೆ ಕಂಪನಿಯ ಷೇರೂ ಜಾರತೊಡಗಿತು. ಅದೇ ಹೊತ್ತಿಗೆ ಆಯೇಷಾಳ ಮನೆಯೊಡೆಯ, ಮಗನಿಗೆ ಬೇಕು, ಮನೆ ಬಿಡಿ ಎಂದ. ಅವಳಿಗೆ ಶ್ರೀಕಾರ್ಯಂನಲ್ಲೇ ಒಂದು ಸಣ್ಣ ಹಳೆಯ ಫ್ಲ್ಯಾಟು ಮಾತಾಗಿತ್ತು. ಮುಂಗಡ ಕೊಡಲು ಹಣ ಕೂಡಿಟ್ಟಿದ್ದಳು. ಸಾಲದ್ದಕ್ಕೆ ಷೇರು ಮಾರಬೇಕೆಂದಿದ್ದಳು.

"ಇನ್ನೂ ಬೀಳುವ ಮೊದಲೇ ಮಾರಿಬಿಡುತ್ತೇನೆ ಅಕ್ಕ," ಎಂದಳು ಕ್ಯಾಂಟೀನಿನಲ್ಲಿ. "ನನಗೆ ಹೆದರಿಕೆ ಆಗ್ತಾ ಉಂಟು."

ಶಂಕರಿ ಅಂದೇ ಕಾಶೀನಾಥರಿಗೆ ಫೋನು ಮಾಡಿದಳು. ಅವರು ಎಂದಿಲ್ಲದ ಹುರುಪಿನಲ್ಲಿದ್ದರು. "ಮಾರೂದಾ? ಹುಚ್ಚು ಹಿಡದದೇನ್ರಿ ಅವರಿಗೆ? ಮೀನು ಹಿಡಿಯೋದು ನಿಂತದೇನು? ಇಂಥಾ ದರ ಮತ್ತ ಸಿಗೂದಿಲ್ಲ. ಎಲ್ಲಾರಿಗೂ ಹೇಳ್ರಿ. ಇದ್ದಷ್ಟು ಕೂಡಿಸಿ ತಗೋರಿ. ಸೋಮವಾರ ಮುಂಜಾನೆ ಹತ್ತಕ್ಕ ಹಾಕ್ರಿ. ಮೊದಲ ಬ್ಯಾಡ, ಆಮ್ಯಾಲ ಬ್ಯಾಡ. ದರ ನಾ ಹೇಳ್ತೇನಿ."

ಶಂಕರಿ ಆಯೇಷಾಳ ಮನೆಗೇ ಹೋಗಿ ಒಪ್ಪಿಸಿದಳು. ಫ್ಲ್ಯಾಟಿನವರು ಸ್ವಲ್ಪ ದಿನ ಕಾಯುತ್ತಾರೆ, ಇಂಥ ಅವಕಾಶ ಕಾಯುವುದಿಲ್ಲ ಎಂದಳು. "ನನ್ನ ಮೇಲೆ ನಂಬಿಕೆ ಇಲ್ವಾ?" ಎಂದೂ ಕೇಳಿದಳು. ಆಯೇಷಾ ಇದ್ದ ಷೇರು ಮಾರದೆ, ಮುಂಗಡಕ್ಕೆಂದು ಕೂಡಿಟ್ಟ ಹಣವನ್ನೂ ಸೇರಿಸಿದಳು. ಸೋಮವಾರ ಹತ್ತಕ್ಕೆ ಗುಂಪಿನ ಎಲ್ಲರೂ ಆರ್ಡರ್ ಹಾಕಿದರು. ವಾರಗಟ್ಟಲೆ ಕಾಯಿಸುತ್ತಿದ್ದ ಷೇರು ಆ ದಿನ ಕಣ್ಣು ಮಿಟುಕಿಸುವಷ್ಟರಲ್ಲಿ ಸಿಕ್ಕಿತು. ನಮ್ಮ ಅದೃಷ್ಟ ಎಂದು ಶಂಕರಿ ಖುಷಿಪಟ್ಟಳು.

ಷೇರು ಬೀಳುವುದು ನಿಲ್ಲಲಿಲ್ಲ. ಮತ್ತೆರಡು ತಿಂಗಳಲ್ಲಿ ಅರ್ಧಕ್ಕೆ ಬಂತು. ಕಾಶೀನಾಥರ ಭಾನುವಾರದ ಫೋನು ತಪ್ಪತೊಡಗಿತು.

ಆಗಲೇ ಶಂಕರಿಗೆ ಹೈಕೋರ್ಟಿನ ಒಂದು ಮೊಕದ್ದಮೆಯ ಕೆಲಸವಾಗಿ ಕೊಚ್ಚಿಗೆ ಹೋಗಬೇಕಾಗಿ ಬಂತು. ಊರಿನಿಂದ ಬಂದ ಹಲಸಿನ ಹಪ್ಪಳದ ಕಟ್ಟೊಂದನ್ನು ಚೀಲಕ್ಕೆ ಹಾಕಿಕೊಂಡಳು. ಕೆಲಸ ಮುಗಿಸಿ ಮಧ್ಯಾಹ್ನ ಪಾಲಾರಿವಟ್ಟಂಗೆ ಹೋದಾಗ ಬಾಗಿಲು ತೆರೆದವರು ಕಾಶೀನಾಥರ ಹೆಂಡತಿ ಸುಮಿತ್ರ.

"ಅಯ್ಯ, ಶಂಕರಿಯವ್ರ! ಬರ್ರಿ, ಬರ್ರಿ. ಅವ್ರು ಇನ್ನೇನು ಬರ್ತಾರ, ಇವತ್ತ ಅರ್ಧ ದಿನ ರಜಾ ಹಾಕ್ಯಾರ." ಕೈ ಹಿಡಿದು ಒಳಗೆ ಕರೆದೊಯ್ದು ಕೂರಿಸಿದರು. ಚಹಾ ತಂದಿಟ್ಟು ಎದುರಿಗೆ ಕೂತವರ ಕಣ್ಣಲ್ಲಿ ನೀರು ತುಂಬಿತ್ತು. "ನಿಮ್ಮನ್ನ ನೋಡಿ ಕೈ ಮುಗೀಬೇಕಂತ ಎಷ್ಟ್ ದಿನದಿಂದ ಅನ್ಕೊಂಡಿದ್ದೆ ನೋಡ್ರಿ."

"ನನಗಾ? ಎಂತಕ್ಕೆ?"

"ಏನೂ ಆಗೇ ಇಲ್ಲಂಬೋ ಹಂಗ ಕೇಳ್ತೀರಲ್ಲ! ಇವರ ತಮ್ಮ ಹುಬ್ಬಳ್ಳ್ಯಾಗ ವ್ಯಾಪಾರ ಮಾಡಿ ಮುಳುಗಿದ. ಅವನ ಸಲುವಾಗಿ ಇವರು ಸಾಲ ಮಾಡಿದ್ರು, ನನ್ನ ಬಂಗಾರ ಎಲ್ಲಾ ಅಡವಾಗಿತ್ತು. ಸಾಲದವರು ಬ್ಯಾಂಕಿನ ಬಾಗಲಕ್ಕ ಬಂದು ನಿಂತಿದ್ರು. ಆ ಬಲೆ ಕಂಪನಿ ಷೇರು ಮಾರಬೇಕಂದ್ರ ತಗೊಳ್ಳೋರಽ ಇಲ್ಲ. ಕಡೀಕ ನೀವೆಲ್ಲಾ ಕೂಡಿ ಒಂದಽ ದಿನ ಅಷ್ಟೂ ತಗೊಂಡ್ರಂತ. ದೇವರು ಬಂದಂಗ ಬಂದ್ರಿ ನೋಡ್ರಿ." ಸುಮಿತ್ರ ಕೈ ಮುಂದೆ ಚಾಚಿ ಬಳೆ ತೋರಿಸಿದರು. "ಎಲ್ಲಾ ಬಿಡಿಸಿಕೊಟ್ರು."

ಶಂಕರಿಗೆ ಆ ದಿನದ ಫೋನು ನೆನಪಾಯಿತು. ಸೋಮವಾರ, ಹತ್ತು ಗಂಟೆ. ದರ ನಾ ಹೇಳ್ತೇನಿ. ಕಣ್ಣು ಮಿಟುಕಿಸುವಷ್ಟರಲ್ಲಿ ಸಿಕ್ಕಿದ ಷೇರುಗಳು ಯಾರ ಕೈಯಿಂದ ಬಂದವೆಂದು ಈಗ ತಿಳಿಯಿತು. ಎದುರಿಗಿದ್ದ ಹೆಂಗಸು ಕಪಟವರಿಯದೆ ಮಂದಹಾಸ ಬೀರುತ್ತಿದ್ದರು. ಅವರಿಗೆ ಏನು ಹೇಳುವುದು? ಬಿಸಿ ಚಹಾವನ್ನು ಶಂಕರಿ ಒಂದೇ ಗುಟುಕಿಗೆ ಕುಡಿದುಬಿಟ್ಟಳು.

ಕಾಶೀನಾಥ ಬಂದರು. ಶಂಕರಿಯನ್ನು ಕಂಡು ನಕ್ಕರು. ಹೆಂಡತಿಯ ಒದ್ದೆ ಕಣ್ಣು ಕಂಡು ನಗು ಆರಿತು. ಸುಮಿತ್ರ ಹಪ್ಪಳ ಕರಿಯುತ್ತೇನೆಂದು ಅಡುಗೆಮನೆಗೆ ಹೋದರು. ಇಬ್ಬರೂ ಬಾಲ್ಕನಿಗೆ ಬಂದು ನಿಂತರು. ಕೆಳಗೆ ಜಂಕ್ಷನ್ನಿನ ವಾಹನಗಳ ಗದ್ದಲ.

"ಆ ದಿನ ಮಾರಿದ್ದು ನೀವು," ಎಂದಳು ಶಂಕರಿ.

ಕಾಶೀನಾಥ ಅಲ್ಲಗಳೆಯಲಿಲ್ಲ. "ಕಂಪನಿ ಛಲೋನಽ ಅದರೀ. ಅದರ ಬಗ್ಗೆ ನಾ ಒಂದು ಸುಳ್ಳೂ ಹೇಳಿಲ್ಲ."

"ಕಂಪನಿಯ ವಿಷಯ ನಾನು ಕೇಳಲಿಲ್ಲ. ಮಾರುವವರು ನೀವು ಅಂತ ಯಾಕೆ ಹೇಳಲಿಲ್ಲ?"

"ಹೇಳಿದ್ರ ನೀವು ತಗೋತಿದ್ರೇನು?"

ಅಷ್ಟು ಸರಳವಾಗಿ ಹೇಳಿಬಿಟ್ಟರು. ಉಳಿದದ್ದನ್ನೂ ಅವರೇ ತಗ್ಗಿದ ದನಿಯಲ್ಲಿ ಹೇಳಿದರು. ತಮ್ಮನ ವ್ಯಾಪಾರವೆಂಬುದೆಲ್ಲ ಹೆಂಡತಿಗೆ ಹೇಳಿದ ಕತೆ. ಕೊಚ್ಚಿಗೆ ಬಂದ ಮೇಲೆ, ಅಭಿಜಿತ್ ಏನು ಆಡುತ್ತಿದ್ದನೆಂದು ನೋಡೋಣವೆಂದು ಒಮ್ಮೆ ಕೈ ಹಾಕಿದರು. ಗೆದ್ದರು. ಮತ್ತೆ ಗೆದ್ದರು. ವರ್ಷವಿಡೀ ಕಾದರೆ ಬಲೆ ಕಂಪನಿ ಕೊಡುವುದನ್ನು ಆಪ್ಷನ್ಸ್ ಒಂದು ಬೆಳಿಗ್ಗೆಯಲ್ಲಿ ಕೊಟ್ಟಿತು. ಆಮೇಲೆ ಸೋಲು, ಸೋಲನ್ನು ತುಂಬಲು ಇನ್ನೊಂದು ಪಣ. ಬ್ಯಾಂಕಿನವರಿಗೆ ಗೊತ್ತಾದರೆ ಕೆಲಸಕ್ಕೇ ಸಂಚಕಾರ. ಅದಕ್ಕೇ ಆ ಆಟವೆಲ್ಲ ಭಾವಮೈದುನನ ಹೆಸರಿನಲ್ಲಿ.

"ಅಭಿಜಿತ್‌ನನ್ನು ನನ್ನ ಮನೆಯಿಂದ ಎಬ್ಬಿಸಿ ಕಳಿಸಿದಿರಲ್ಲ," ಎಂದಳು ಶಂಕರಿ. "ಆಯೇಷಾ ಅವಳ ಮನೆಯ ಮುಂಗಡ ಹಾಕಿದ್ದಾಳೆ, ನಿಮಗೆ ಗೊತ್ತುಂಟಾ? ನಾನು ಹಾಕಿಸಿದ್ದು. ನಿಮ್ಮ ಮಾತು ಕೇಳಿ ನಾನೇ ಹೋಗಿ ಹಾಕಿಸಿದ್ದು."

ಕಾಶೀನಾಥ ಕಂಬಿ ಹಿಡಿದು ನಿಂತರು. "ನನ್ನ ಮರ್ಯಾದಿ ನಿಮ್ಮ ಕೈಯಾಗ ಅದರೀ. ಇಕಿ ಮುಂದ ಏನೂ ಅನಬ್ಯಾಡ್ರಿ. ನಿಮಗೆಲ್ಲಾ ಗೊತ್ತಿದ್ದಽ ತಗೊಂಡೀರಿ ಅಂತ ಆಕಿ ತಿಳ್ಕೊಂಡಾಳ. ಹಂಗಽ ಇರ್ಲಿ."

ಅಂದರೆ ಮೋಸ ಹೋದದ್ದಲ್ಲದೆ, ಆ ಮೋಸಕ್ಕೆ ತಾನು ಒಪ್ಪಿದ್ದೆನೆಂಬ ಸುಳ್ಳನ್ನೂ ಹೊರಬೇಕು. ಅಷ್ಟರಲ್ಲಿ ಸುಮಿತ್ರ ಹಪ್ಪಳದ ತಟ್ಟೆ ಹಿಡಿದು ಬಂದರು. ಹೊರಡುವಾಗ ಹಣೆಗೆ ಕುಂಕುಮ ಹಚ್ಚಿ, ಕೈಗೆ ರವಿಕೆಯ ಖಣವೊಂದನ್ನು ಕೊಟ್ಟರು. ಹೇಳಿಬಿಡಬೇಕೆಂದು ಶಂಕರಿ ಬಾಯಿ ತೆರೆದಳು. ಆ ಮುಖ ನೋಡಿ ಆಗಲಿಲ್ಲ. ಲಿಫ್ಟಿನಲ್ಲಿ ಇಳಿಯುವಾಗ ತನ್ನ ಮೇಲೆಯೇ ಹೇಸಿಗೆಯಾಯಿತು.

ರೈಲಿನಲ್ಲಿ ದಾರಿಯುದ್ದಕ್ಕೂ ಆಯೇಷಾಳಿಗೆ ಹೇಗೆ ಹೇಳುವುದೆಂದೇ ಯೋಚನೆ. ಹೇಳದೆ ಉಳಿಯುವ ಯೋಚನೆಯೂ ಬಂದದ್ದು ಸುಳ್ಳಲ್ಲ. ಆದರೆ ಒಬ್ಬರು ಹೇಳದೆ ಉಳಿದದ್ದರ ಫಲವನ್ನು ಆಗಷ್ಟೇ ಕಂಡು ಬಂದಿದ್ದಳು. ಮರುದಿನ ಕಚೇರಿ ಬಿಟ್ಟ ಮೇಲೆ, ಬಸ್ಸಿಗೆ ನಡೆಯುತ್ತ ಎಲ್ಲವನ್ನೂ ಹೇಳಿದಳು. ಏನನ್ನೂ ಬಿಡಲಿಲ್ಲ.

ಆಯೇಷಾ ನಡೆಯುವುದನ್ನು ನಿಲ್ಲಿಸಿದಳು. ಅಳುತ್ತಾಳೆ, ಕಾಶೀನಾಥರನ್ನು ಶಪಿಸುತ್ತಾಳೆ ಎಂದು ಶಂಕರಿ ಎಣಿಸಿದ್ದಳು.

"ಅವರನ್ನು ನಾನು ನಂಬಿಯೇ ಇರಲಿಲ್ಲ, ಅಕ್ಕ," ಎಂದಳು ಆಯೇಷಾ. "ನಿಮ್ಮನ್ನು ನಂಬಿದ್ದು."

ಆ ವಾರವೇ ಅವಳು ಸಿಕ್ಕಿದ ದರಕ್ಕೆ ಎಲ್ಲವನ್ನೂ ಮಾರಿದಳು. ಫ್ಲ್ಯಾಟು ಕೈತಪ್ಪಿತು. ದೂರದ ಪೋತ್ತನ್‌ಕೋಡಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಳು. ಶಂಕರಿ ಗುಂಪಿನವರಿಗೂ ವಿಷಯ ತಿಳಿಸಿದಳು. ಕೆಲವರು ಮಾರಿದರು, ಕೆಲವರು ಕಾದರು. ಊಟದ ಮೇಜಿನ ಸುತ್ತ ಮತ್ತೆ ಯಾರೂ ಕೂಡಲಿಲ್ಲ. ಮಹೇಶ್ವರ "ನಾನು ಹೇಳಿರಲಿಲ್ಲವಾ?" ಎನ್ನಲಿಲ್ಲ. ಎಂದಿದ್ದರೆ ಜಗಳವಾಡಿ ಹಗುರಾಗಬಹುದಿತ್ತೆಂದು ಅವಳಿಗೆ ಅನ್ನಿಸಿತು. ಅವಳ ಷೇರು ಅವಳ ಹತ್ತಿರವೇ ಉಳಿಯಿತು. ಯೋಚಿಸಿ ಇಟ್ಟುಕೊಂಡದ್ದಲ್ಲ, ಆ ಆ್ಯಪ್ ತೆರೆಯಲೇ ಮನಸ್ಸಾಗುತ್ತಿರಲಿಲ್ಲ.

ಮುಂದಿನ ವರ್ಷ ಮಾರುಕಟ್ಟೆ ಚೇತರಿಸಿತು. ಬಲೆ ಕಂಪನಿ ಒಳ್ಳೆಯ ಲಾಭ ತೋರಿಸಿತು. ಷೇರು ಹಳೆಯ ದರವನ್ನೂ ದಾಟಿ ಏರಿತು. ಒಂದು ಭಾನುವಾರ ಕಾಶೀನಾಥರ ಫೋನು ಬಂತು. "ನೋಡಿದ್ರೇನು? ನಾ ಹೇಳಿದ್ದು ಖರೇ ಆತಿಲ್ರಿ?" ಆ ದನಿಯಲ್ಲಿ ನಾಚಿಕೆಯ ಸುಳಿವಿರಲಿಲ್ಲ, ಕ್ಷಮೆ ಸಿಕ್ಕಿದವರ ಉಲ್ಲಾಸವಿತ್ತು. ಶಂಕರಿ ಫೋನು ಇಟ್ಟುಬಿಟ್ಟಳು. ಅವರು ಹೇಳಿದ್ದು ಸುಳ್ಳಾಗಿದ್ದರೆ ದ್ವೇಷಿಸಲಿಕ್ಕಾದರೂ ಸುಲಭವಿತ್ತು.

ಷೇರು ಏರಿದ್ದನ್ನು ಆಯೇಷಾಳಿಗೆ ತಿಳಿಸಲು ಅವಳಿಗೆ ಬಾಯಿ ಬರಲಿಲ್ಲ. ಆದರೆ ಅಂಥದು ಮುಚ್ಚಿಟ್ಟರೆ ನಿಲ್ಲುತ್ತದೆಯೆ? ಕ್ಯಾಂಟೀನಿನಲ್ಲಿ ಅಕ್ಕಿಹಿಟ್ಟಿನ ಪುಟ್ಟು, ಕಡಲೆ ಸಾರು ಮುಂದಿಟ್ಟುಕೊಂಡು ಆಯೇಷಾಳೇ ಕೇಳಿದಳು: "ಬಲೆ ಕಂಪನಿ ಏರಿತಂತೆ, ಅಲ್ವಾ?"

"ಹೌದು." ಶಂಕರಿ ಎಷ್ಟೋ ದಿನದಿಂದ ಮನಸ್ಸಿನಲ್ಲಿ ಜೋಡಿಸಿಟ್ಟ ಮಾತನ್ನು ತಡವರಿಸುತ್ತ ಹೊರಗೆ ಹಾಕಿದಳು. "ನನ್ನ ಪಾಲಿನದ್ದು ಮಾರಿದರೆ ನಿನ್ನ ಮುಂಗಡದಷ್ಟು ಆಗ್ತದೆ. ನೀನು ತಗೊಳ್ಳಬೇಕು, ಆಯೇಷಾ. ಅದು ನಿನ್ನದೇ."

"ನನ್ನದು ನಾನು ಮಾರಿ ಆಯಿತಲ್ಲ," ಎಂದಳು ಆಯೇಷಾ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. "ಬೇಡ ಅಕ್ಕ. ಆಮೇಲೆ ನಿಮ್ಮ ಮುಖ ನೋಡುವಾಗಲೆಲ್ಲ ನನಗೆ ದುಡ್ಡೇ ನೆನಪಾದೀತು."

ಪುಟ್ಟನ್ನು ಪುಡಿಮಾಡಿ ಕಡಲೆಯ ಸಾರಿಗೆ ಕಲೆಸಿಕೊಂಡಳು. ಪೋತ್ತನ್‌ಕೋಡಿನ ಬಸ್ಸು ಈಚೆಗೆ ಬೇಗ ಹೊರಡುತ್ತದೆ, ಇವತ್ತು ಸ್ವಲ್ಪ ಮೊದಲೇ ಏಳಬೇಕು ಎಂದಳು. ಶಂಕರಿ ಆಯಿತೆಂದು ತಲೆಯಾಡಿಸಿದಳು. ತಟ್ಟೆ ತೊಳೆಯುವಲ್ಲಿಗೆ ಇಬ್ಬರೂ ಒಟ್ಟಿಗೇ ಹೋದರು. ಮೆಟ್ಟಿಲು ಹತ್ತುವಾಗ ಮಾತ್ರ ಆಯೇಷಾ ತುಸು ಮುಂದಿದ್ದಳು, ಮತ್ತು ಹಿಂದಿನ ಹಾಗೆ ತಿರುಗಿ ನಿಂತು ಕಾಯಲಿಲ್ಲ.