ಹದಿನಾಲ್ಕು ಸೊನ್ನೆಗಳು

ನಮ್ಮ ಆಫೀಸಿನಲ್ಲಿ ಕಾಫಿ ಯಂತ್ರದ ಪಕ್ಕ ಒಂದು ಮರದ ಕಪಾಟಿದೆ. ಕೆಲಸ ಖಾಯಂ ಆದವರ ಲೋಟಗಳು ಅದರಲ್ಲಿ ಸಾಲಾಗಿ ಕೂತಿರುತ್ತವೆ. ಹೊಸದಾಗಿ ಬಂದವರು ಮೂರು ತಿಂಗಳು ಕಾಗದದ ಲೋಟದಲ್ಲೇ ಕುಡಿಯಬೇಕು. ಹೀಗೆಂದು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೂ ಅದನ್ನು ಮೀರಿದವರಿಲ್ಲ. ಆರು ವರ್ಷ ಮನೆಯಲ್ಲಿದ್ದು, ಮಗಳು ಶಾಲೆಗೆ ಹೋಗುವಂತಾದ ಮೇಲೆ ಮತ್ತೆ ಕೆಲಸಕ್ಕೆ ಸೇರಿದ ನಾನು ಕಾಗದದ ಲೋಟದವಳಾಗಿದ್ದೆ. ನನ್ನ ಮೂರು ತಿಂಗಳು ಆ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಇಟ್ಟುಕೊಳ್ಳುತ್ತಾರೋ ಕಳಿಸುತ್ತಾರೋ ಎಂಬುದು ಅಂದೇ ತಿಳಿಯಬೇಕಿತ್ತು.

ಶಾಲೆಯ ಬಸ್ಸು ಈಗ ಎಲ್ಲಿದೆ ಎಂದು ತಂದೆತಾಯಂದಿರಿಗೆ ಫೋನಿನಲ್ಲಿ ತೋರಿಸುವುದು ನಮ್ಮ ಕಂಪನಿಯ ಕೆಲಸ. ಅದರ ಪ್ರೋಗ್ರಾಮುಗಳು ಹದಿನಾಲ್ಕು ಸರ್ವರುಗಳ ಮೇಲೆ, ಕಂಟೈನರ್ ಎಂಬ ಪುಟ್ಟ ಪುಟ್ಟ ಡಬ್ಬಿಗಳೊಳಗೆ ಓಡುತ್ತವೆ. ಇವತ್ತು ಈ ಸರ್ವರಿನಲ್ಲಿದ್ದ ಡಬ್ಬಿ ನಾಳೆ ಇನ್ನೊಂದರಲ್ಲಿ. ಆದ್ದರಿಂದ ಪ್ರತಿಯೊಂದು ಸರ್ವರಿನಲ್ಲೂ ಪ್ರಾಕ್ಸಿ ಎಂಬುದೊಂದು ಬಾಗಿಲಲ್ಲೇ ಕೂತು, ಬಸ್ಸೆಲ್ಲಿ ಎಂದು ಕೇಳಿಕೊಂಡು ಬಂದವರಿಗೆಲ್ಲ ಯಾವ ಡಬ್ಬಿಗೆ ಹೋಗಬೇಕೆಂದು ದಾರಿ ಹೇಳುತ್ತದೆ. ಡಬ್ಬಿಗಳ ಹೊಸ ವಿಳಾಸ ಬಂದಾಗ ಬರೆದುಕೊಳ್ಳಲು ಎಷ್ಟು ಹೊತ್ತು ಹಿಡಿಯಿತು, ಎಷ್ಟು ಸಲ ಆಗದೇ ಹೋಯಿತು ಎಂಬ ಅಂಕಿಗಳೂ ಅದರ ಬಳಿಯೇ ಇರುತ್ತವೆ. ಆ ಅಂಕಿಗಳನ್ನು ಅರ್ಧ ನಿಮಿಷಕ್ಕೊಮ್ಮೆ ಹದಿನಾಲ್ಕೂ ಕಡೆಯಿಂದ ತಂದು ಗೋಡೆಯ ಟೀವಿಯಲ್ಲಿ ತೋರಿಸುವ ಕೆಲಸವನ್ನು ನನಗೆ ಕೊಟ್ಟಿದ್ದರು.

ಅಲ್ಲಿಯವರೆಗೆ ಪಕ್ಕದ ಮೇಜಿನವರೊಬ್ಬರು ದಿನಾ ಬೆಳಿಗ್ಗೆ ಒಂದೊಂದೇ ಸರ್ವರಿಗೆ ಹೋಗಿ, ಪ್ರಾಕ್ಸಿ ಬದುಕಿದೆಯೋ ಇಲ್ಲವೋ ಎಂದಷ್ಟೇ ನೋಡಿ ಬರುತ್ತಿದ್ದರು. ಬರುವ ಹೊತ್ತು, ಊಟದ ಹೊತ್ತು, ಹೊರಡುವ ಹೊತ್ತು ಒಂದು ನಿಮಿಷವೂ ಆಚೀಚೆಯಾಗದ ಅವರನ್ನು ಎಲ್ಲರೂ ಗಡಿಯಾರಣ್ಣ ಎನ್ನುತ್ತಾರೆ. ನನ್ನ ಕೆಲಸ ಸರಿಹೋದರೆ ಸೋಮವಾರದಿಂದ ಅವರ ಸುತ್ತಾಟ ನಿಲ್ಲಲಿತ್ತು.

ಮೊದಲಿಗೆ ಒಂದು ಸರ್ವರಿನೊಳಗೆ ಹೋಗಿ ಅಲ್ಲಿಂದಲೇ, ಎಷ್ಟು ಹೊತ್ತು ಹಿಡಿಯಿತು ಎಂಬ ಅಂಕಿ ಕೇಳಿದೆ. ಥಟ್ಟನೆ ಕೊಟ್ಟಿತು. ಹದಿನಾಲ್ಕೂ ಒಂದೇ ತರಹದವು, ಇನ್ನೇನು ಎಂದುಕೊಂಡು ಅಂಕಿ ತರುವ ಏರ್ಪಾಡನ್ನೆಲ್ಲ ಮಾಡಿದೆ. ಮೊದಲು ತಪ್ಪುಗಳ ಸಾಲನ್ನಷ್ಟೇ ಟೀವಿಗೆ ಹಾಕಿ ನೋಡಿದರೆ ಅದು ಖಾಲಿ. ಕೆಲವು ಪ್ರೋಗ್ರಾಮುಗಳು ತಪ್ಪು ಆಗುವವರೆಗೆ ಅಂಕಿಯನ್ನೇ ಕೊಡುವುದಿಲ್ಲ; ನಮ್ಮ ಕೆಲಸದಲ್ಲಿ ಇದು ಇದ್ದದ್ದೇ. ಇದೂ ಹಾಗೇ ಇರಬೇಕು ಅಂದುಕೊಂಡೆ. ಆದರೆ ಖಾಲಿ ಜಾಗ ಕಣ್ಣಿಗೆ ಚೆನ್ನಾಗಿರಲಿಲ್ಲ. ಏನೂ ಬಾರದಿದ್ದರೆ ಸೊನ್ನೆ ತೋರಿಸು ಎಂದು ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದೆ. ಹದಿನಾಲ್ಕು ಹಸಿರು ಸೊನ್ನೆಗಳು ತೊಳೆದು ಬೋರಲು ಹಾಕಿದ ತಟ್ಟೆಗಳ ಹಾಗೆ ಸಾಲಾಗಿ ನಿಂತವು.

ಬುಧವಾರ ಎಲ್ಲರೂ ಸೇರಿ ನೋಡಿ ಚಪ್ಪಾಳೆ ತಟ್ಟಿದರು. ತಂಡದ ಮುಖ್ಯಸ್ಥೆಯನ್ನು ನಾವು ಅಕ್ಕ ಎಂದೇ ಕರೆಯುವುದು. "ಆರು ವರ್ಷ ಕೆಲಸ ಬಿಟ್ಟವಳು ಅಂತ ಯಾರಾದ್ರೂ ಹೇಳ್ತಾರಾ?" ಅಂದರು.

"ಮನೆ ನಡೆಸಿದ್ದಕ್ಕೇ ಇಷ್ಟು ಅಚ್ಚುಕಟ್ಟು," ಎಂದರು ಗಡಿಯಾರಣ್ಣ. "ನಮ್ಮನ್ನ ಬಿಟ್ಟಿದ್ರೆ ಗೋಡೆ ಪೂರ್ತಿ ಗೀಚಿ ಇಟ್ಟಿರ್ತಿದ್ವಿ."

ನಾನು ಹಿಗ್ಗಿಕೊಂಡೇ ಮನೆಗೆ ಬಂದೆ. ಅಂದು ಬೆಳಿಗ್ಗೆ ಮಗಳಿಗೆ ಮೈ ಸ್ವಲ್ಪ ಬೆಚ್ಚಗಿದ್ದದ್ದರಿಂದ ಶಾಲೆಗೆ ಕಳಿಸದೆ ಅತ್ತೆಯ ಬಳಿ ಬಿಟ್ಟಿದ್ದೆ. ಎರಡು ಗಂಟೆಗೊಮ್ಮೆ ಜ್ವರ ನೋಡಿ ಬರೆದಿಡಿ ಎಂದು ಥರ್ಮಾಮೀಟರನ್ನೂ ಒಂದು ನೋಟ್‌ಬುಕ್ಕನ್ನೂ ಕೊಟ್ಟಿದ್ದೆ. ಅತ್ತೆಯ ದುಂಡನೆಯ ಅಕ್ಷರದಲ್ಲಿ ಎಲ್ಲ ಬರೆದಿತ್ತು. ಹತ್ತು ಗಂಟೆ, ತೊಂಬತ್ತೆಂಟು ಪಾಯಿಂಟ್ ಆರು. ಹನ್ನೆರಡಕ್ಕೂ ಅಷ್ಟೇ. ಎರಡಕ್ಕೂ, ನಾಲ್ಕಕ್ಕೂ ಅಷ್ಟೇ.

ಹಣೆ ಮುಟ್ಟಿದರೆ ಕಾವಲಿಯ ಹಾಗೆ ಸುಡುತ್ತಿತ್ತು. ಥರ್ಮಾಮೀಟರ್ ಇಟ್ಟೆ. ನೂರ ಒಂದು.

"ಅಜ್ಜಿ ನಂಗೆ ಅದನ್ನ ಇಡಲೇ ಇಲ್ಲ," ಎಂದಳು ಮಗಳು, ಕಂಬಳಿಯೊಳಗಿಂದ.

"ಚಾಡಿ ಹೇಳೋಕೆ ಮಾತ್ರ ಶಕ್ತಿ ಇದೆ ನೋಡು," ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ ಸೆರಗಿನಲ್ಲಿ ಕೈ ಒರೆಸಿಕೊಂಡರು. "ಹಾಯಾಗಿ ಮಲಗಿತ್ತಮ್ಮ. ಮಲಗಿದ ಮಗುನ ಎಬ್ಬಿಸಿ ಬಾಯಿಗೆ ಕಡ್ಡಿ ಇಡೋದಾ? ಬೆಳಿಗ್ಗೆ ನೀನೇ ಹೇಳಿದ್ಯಲ್ಲ, ತೊಂಬತ್ತೆಂಟು ಪಾಯಿಂಟ್ ಆರು ಇದ್ರೆ ಸರಿ ಅಂತ. ಖಾಲಿ ಬಿಟ್ರೆ ನೀನು ಬಂದು ಗಾಬರಿ ಆಗ್ತೀಯ. ಅದಕ್ಕೇ ಬರೆದೆ."

ಬೈಯಲು ಬಾಯಿ ತೆರೆದವಳು ನೋಟ್‌ಬುಕ್ಕನ್ನು ಮತ್ತೊಮ್ಮೆ ನೋಡಿದೆ. ನಾನು ಗಾಬರಿಯಾಗಬಾರದೆಂದು ಪಾಪ ಅವರು ತುಂಬಿಸಿದ್ದು ನಾಲ್ಕು ಜಾಗ. ಚೆನ್ನಾಗಿ ಕಾಣಲೆಂದು ನಾನು ಹದಿನಾಲ್ಕು ತುಂಬಿಸಿರಲಿಲ್ಲವೇ?

ಮಗಳಿಗೆ ಔಷಧಿ ಕುಡಿಸಿ, ಹಣೆಗೆ ಒದ್ದೆ ಬಟ್ಟೆ ಹಾಕುವ ಕೆಲಸವನ್ನು ಅತ್ತೆಗೆ ಕೊಟ್ಟು, ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಯಾವ ಪ್ರಾಕ್ಸಿ ಅಂಕಿ ಕೊಟ್ಟಿದೆ, ಯಾವುದು ಕೊಟ್ಟಿಲ್ಲ ಎಂದು ತೋರಿಸುವ ಪುಟ ಒಂದಿದೆ. ನಾನು ಅದನ್ನು ಒಮ್ಮೆಯೂ ನೋಡಿರಲಿಲ್ಲ. ಹದಿನಾಲ್ಕು ಸಾಲು, ಹದಿನಾಲ್ಕೂ ಕೆಂಪು. ಒಂದೇ ಒಂದು ಪ್ರಾಕ್ಸಿಯೂ ಒಂದೇ ಒಂದು ಅಂಕಿಯನ್ನೂ ಕಳಿಸಿರಲಿಲ್ಲ. ತಾನಿರುವ ಸರ್ವರಿನೊಳಗಿಂದ ಕೇಳಿದರೆ ಮಾತ್ರ ಪ್ರಾಕ್ಸಿ ಅಂಕಿ ಕೊಡುತ್ತದೆ, ಹೊರಗಿನಿಂದ ಕೇಳಿದವರಿಗೆ ಬಾಗಿಲು ಹಾಕಿರುತ್ತದೆ. ಬದಲಾಯಿಸದಿದ್ದರೆ ಅದರ ಏರ್ಪಾಡೇ ಹಾಗೆ. ನಾನು ಒಳಗೆ ಹೋಗಿ ಕೇಳಿದ್ದೆ, ಅದಕ್ಕೇ ಅದು ಥಟ್ಟನೆ ಕೊಟ್ಟಿತ್ತು.

ಶುಕ್ರವಾರ ಕಳೆಯುವವರೆಗೆ ಸುಮ್ಮನಿದ್ದರೆ? ಲೋಟ ಕಪಾಟಿಗೆ ಸೇರಿದ ಮೇಲೆ ಸದ್ದಿಲ್ಲದೆ ಸರಿಮಾಡಿದರೆ? ಹಾಗೆ ಯೋಚಿಸಲಿಲ್ಲ ಎಂದರೆ ಸುಳ್ಳಾದೀತು. ಆದರೆ ಹಿಂದಿನ ವಾರ ಮಗಳ ಬಸ್ಸು ನನ್ನ ಫೋನಿನಲ್ಲಿ ಹತ್ತು ನಿಮಿಷ ಒಂದೇ ತಿರುವಿನಲ್ಲಿ ನಿಂತಿತ್ತು. ಬಸ್ಸು ಕೆಟ್ಟಿತೋ, ಏನಾಯಿತೋ ಎಂದು ನಾನು ಚಪ್ಪಲಿಯನ್ನೂ ಹಾಕದೆ ರಸ್ತೆಗೆ ಓಡಿದ್ದೆ. ಹಾಗೆ ಓಡಿದ ತಾಯಿ ನಾನೊಬ್ಬಳೇ ಆಗಿರಲಾರೆ.

ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆ ಕಡೆ ನಲ್ಲಿ ಸುರಿಯುವ ಸದ್ದು ನಿಂತಿತು.

"ಹಾಗಾದ್ರೆ ಇವತ್ತು ನಾವು ಚಪ್ಪಾಳೆ ತಟ್ಟಿದ್ದು ಯಾವುದಕ್ಕೆ?"

"ನಾನು ಬರೆದ ಒಂದು ಸಾಲಿಗೆ ಅಕ್ಕ. ಅಂಕಿ ಯಾವುದೂ ಬಂದೇ ಇರಲಿಲ್ಲ."

"ಮಗುಗೆ ಹುಷಾರಿಲ್ಲ ಅಂದ್ಯಲ್ಲ, ನಾಳೆ ಮನೆಯಿಂದಲೇ ಮಾಡು. ಬಸ್ಸೆಲ್ಲ ಶಾಲೆ ಮುಟ್ಟಿದ ಮೇಲೆ ಶುರು ಮಾಡೋಣ," ಎಂದರು ಅಕ್ಕ. ಶುಕ್ರವಾರದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲಕ್ಕಿಂತ ಮೊದಲು ಆ ಸೊನ್ನೆಯ ಸಾಲನ್ನು ಅಳಿಸಿದೆ. ಗಡಿಯಾರಣ್ಣ ಆಫೀಸಿನ ಟೀವಿಯ ಮುಂದೆ ನಿಂತು, ನಾನು ಸ್ಪೀಕರಿಗೆ ಹಾಕಿದ್ದ ಫೋನಿನಲ್ಲಿ ಹೇಳುತ್ತಿದ್ದರು.

"ತಂಗಿ, ಗೋಡೆ ಮೇಲೆ ಈಗ ಏನೂ ಇಲ್ಲ."

"ನಿನ್ನೆನೂ ಇಷ್ಟೇ ಇದ್ದದ್ದು ಅಣ್ಣ."

ಆಮೇಲೆ ಪ್ರಾಕ್ಸಿಗಳ ಏರ್ಪಾಡು ಬದಲಿಸಿದೆ. ನಮ್ಮ ಒಳಜಾಲದಿಂದ ಅಂಕಿ ಕೇಳಿದರೂ ಕೊಡಬೇಕು, ಅದರಾಚೆಯವರಿಗೆ ಮಾತ್ರ ಕೊಡಕೂಡದು. ಒಂದೊಂದನ್ನೇ ನಿಲ್ಲಿಸಿ ಮತ್ತೆ ಶುರು ಮಾಡುತ್ತಾ ಹೋದೆ. ಜ್ವರ ಇಳಿದಿದ್ದ ಮಗಳು ಕಂಬಳಿ ಹೊದ್ದು ಪಕ್ಕದಲ್ಲೇ ಕೂತು, ಕಾಗದದ ಮೇಲೆ ಹದಿನಾಲ್ಕು ಚೌಕ ಬರೆದುಕೊಂಡಿದ್ದಳು.

"ಮೊದಲನೇದು ಬಂತು, ಸೊನ್ನೆ," ಎಂದರು ಗಡಿಯಾರಣ್ಣ.

"ಅಯ್ಯೋ, ಮತ್ತೆ ಸೊನ್ನೆನಾ?" ಎಂದರು ಅತ್ತೆ ಒಲೆಯ ಬಳಿಯಿಂದ.

"ಇದು ಪ್ರಾಕ್ಸಿ ತಾನೇ ಹೇಳಿದ ಸೊನ್ನೆ ಅತ್ತೆ. ನಾನು ಹೇಳಿಸಿದ್ದಲ್ಲ."

ಅತ್ತೆ ಸೌಟು ಆಡಿಸುತ್ತಾ, "ಆಯ್ತಮ್ಮ, ಗೊತ್ತಾಯ್ತು. ನನಗೂ ಸೇರಿಸಿ ಹೇಳ್ತಿದ್ದೀಯ," ಎಂದು ನಕ್ಕರು.

ಎಂಟರವರೆಗೂ ಸೊನ್ನೆಗಳೇ. ಒಂಬತ್ತನೆಯದು ಬಂದಾಗ ಗಡಿಯಾರಣ್ಣನ ದನಿ ಬದಲಾಯಿತು. "ಸೊನ್ನೆ. ಅಲ್ಲ ತಡಿ, ಎರಡು. ಈಗ ಐದು. ಒಂಬತ್ತು ಆಯ್ತು."

"ಒಂದು ಚೌಕದಲ್ಲಿ ಎಷ್ಟು ಸಲ ಹೊಡೆದು ಬರೀಲಿ?" ಎಂದು ಮಗಳು ಗೊಣಗಿದಳು.

ಅಕ್ಕ ಓಡಿ ಬಂದು ನೋಡಿದರು. ಒಂಬತ್ತನೆಯ ಸರ್ವರಿನ ಪ್ರಾಕ್ಸಿ ಹೊಸ ವಿಳಾಸಗಳನ್ನು ಬರೆದುಕೊಳ್ಳಲಾಗದೆ, ಹಳೆಯವನ್ನೇ ಹಿಡಿದುಕೊಂಡು ಕೂತಿತ್ತು. ಬದುಕಿತ್ತಾದ್ದರಿಂದ ಗಡಿಯಾರಣ್ಣನ ಕಣ್ಣಿಗೆ ದಿನಾ ಸರಿಯಾಗಿಯೇ ಕಂಡಿತ್ತು. ಅಲ್ಲಿಗೆ ಬಂದವರಲ್ಲಿ ಕೆಲವರು ಈಗಿಲ್ಲದ ಡಬ್ಬಿಗಳನ್ನು ಹುಡುಕಿಕೊಂಡು ಹೋಗಿ ಕಾಯುತ್ತಿದ್ದರು. ನನ್ನ ಮಗಳ ಬಸ್ಸು ಆ ತಿರುವಿನಲ್ಲಿ ನಿಂತದ್ದೂ ಹೀಗೇ. ಮಧ್ಯಾಹ್ನದೊಳಗೆ ಅದನ್ನು ಸರಿಮಾಡಿದರು. ಅಂಕಿ ಬಾರದಿದ್ದಾಗ ಟೀವಿಯಲ್ಲಿ ಹಳದಿ ಬಣ್ಣದಲ್ಲಿ "ಗೊತ್ತಿಲ್ಲ" ಎಂದು ಬರುವ ಹಾಗೆ ನಾನು ಇನ್ನೊಂದು ಸಾಲು ಬರೆದೆ.

ಶುಕ್ರವಾರವೂ ಮನೆಯಿಂದಲೇ ಕೆಲಸ ಮಾಡಿದೆ. ಸಂಜೆ ನಾಲ್ಕಕ್ಕೆ ಅಕ್ಕನ ಫೋನು ಬಂತು.

"ಸೋಮವಾರ ಬರುವಾಗ ಲೋಟ ತಗೊಂಡು ಬಾ," ಎಂದರು. "ಕಾಗದದ್ದು ಖಾಲಿಯಾಗಿದೆ."

"ಖಾಲಿಯಾಗಿದೆ ಅಂತಾನಾ ಅಕ್ಕ?"

"ಹೌದಮ್ಮ, ಬರೀ ಅದಕ್ಕೇ. ಕಪಾಟಿನಲ್ಲಿ ಗಡಿಯಾರಣ್ಣನ ಲೋಟದ ಪಕ್ಕ ಜಾಗ ಬಿಡಿಸಿದ್ದೀನಿ. ಸರಿಯಾಗಿ ಒಂಬತ್ತಕ್ಕೆ ಬರದೇ ಹೋದ್ರೆ ಅವರು ತಮ್ಮ ಬಿಸ್ಕತ್ತಿನ ಡಬ್ಬಿ ಇಟ್ಕೊಳ್ತಾರಂತೆ."

ಯಾವ ಲೋಟ ಕೊಂಡೊಯ್ಯಬೇಕೆಂದು ಮಗಳೂ ಅತ್ತೆಯೂ ಅಡುಗೆಮನೆಯಲ್ಲಿ ಜಗಳಕ್ಕೆ ನಿಂತರು. ಅಂಚು ಸ್ವಲ್ಪ ಒಡೆದ ನೀಲಿಯದೇ ಆಗಬೇಕೆಂದು ಮಗಳು. ಒಡೆದದ್ದನ್ನು ಕಳಿಸಿದರೆ ಮನೆಯ ಮರ್ಯಾದೆ ಏನಾಗಬೇಕು ಎಂದು ಅತ್ತೆ. ಅವರು ತೀರ್ಮಾನಕ್ಕೆ ಬರುವಷ್ಟರಲ್ಲಿ ಮೇಜು ಒರೆಸೋಣವೆಂದು ಹೋದರೆ ನೋಟ್‌ಬುಕ್ ಅಲ್ಲೇ ತೆರೆದಿತ್ತು. ಅಂದಿನ ಪುಟದಲ್ಲಿ ಅತ್ತೆ ದುಂಡಗೆ ಬರೆದಿದ್ದರು:

ಹತ್ತು ಗಂಟೆ: ಮಲಗಿದ್ದಾಳೆ. ನೋಡಿಲ್ಲ.

ಹನ್ನೆರಡು ಗಂಟೆ: ಇನ್ನೂ ಮಲಗಿದ್ದಾಳೆ. ನೋಡಿಲ್ಲ. ಗಾಬರಿ ಬೇಡ.

ಎರಡು ಗಂಟೆ: ಎದ್ದಳು. ತೊಂಬತ್ತೆಂಟು ಪಾಯಿಂಟ್ ಆರು. ನಿಜವಾಗಿ ನೋಡಿದೆ.