ಉಳಿಯಬಹುದಾಗಿದ್ದ ಹಲ್ಲು

ಕಾಲು ತಾನಾಗಿಯೇ ಪೆಡಲ್ ಒತ್ತಿತು, ಸದ್ದಿಲ್ಲ, ಬರುವುದಿಲ್ಲವೆಂದು ಗೊತ್ತಿದ್ದೂ ಒತ್ತುತ್ತೇನೆ, ಐದು ತಿಂಗಳಿಂದ ಕಂಪ್ರೆಸರ್ ಕೆಟ್ಟು ಕೂತಿದೆ, ಗಾಳಿಯಿಲ್ಲದೆ ಡ್ರಿಲ್ ತಿರುಗುವುದಿಲ್ಲ, ಕೈಯಿಂದಲೇ ಹುಳುಕು ಕೆರೆದು ತುಂಬೋಣವೆಂದರೆ ತುಂಬುವ ಪುಡಿಯ ಅವಧಿ ಮುಗಿದಿದೆ — ಡಾ. ಶ್ಯಾಮಲಾ, ದಂತವೈದ್ಯೆ, ಎಂದು ಈ ಸರ್ಕಾರಿ ಆರೋಗ್ಯ ಕೇಂದ್ರದ ಬಾಗಿಲ ಮೇಲೆ ಬರೆಸಿದ್ದಾರೆ, ಹಲ್ಲು ಕೀಳುವವಳು ಎಂದು ಬರೆಸಿದ್ದರೆ ಸಾಕಿತ್ತು. ಕುರ್ಚಿಯಲ್ಲಿ ನೀಲಾಂಬಿಕಾ, ಸಿಂಧನೂರು ಕಡೆಯವಳು, ಇಪ್ಪತ್ತೆರಡು ವರ್ಷ, ಬೊಮ್ಮಸಂದ್ರದಲ್ಲಿ ಮಾತ್ರೆ ಪ್ಯಾಕ್ ಮಾಡುವ ಕೆಲಸ, ಮೂರು ರಾತ್ರಿಯಿಂದ ನಿದ್ದೆಯಿಲ್ಲದ ಕಣ್ಣು, ಬಾಯಿ ತೆಗಿಯಮ್ಮ, ಎಡಗಡೆ ಕೆಳದವಡೆ, ಅದೇ ಹಲ್ಲು, ಮೊದಲ ಸಲ ಬಂದಾಗ ಹುಳುಕು ಮೇಲುಮೇಲೆ ಇತ್ತು, ಇಪ್ಪತ್ತು ನಿಮಿಷದ ಕೆಲಸ, ಮುಂದಿನ ವಾರ ಬಾ, ರಿಪೇರಿ ಆಗಿರತ್ತೆ ಅಂದಿದ್ದೆ, ಯಾವ ನಂಬಿಕೆಯ ಮೇಲೆ ಅಂದೆನೋ, ಎರಡನೆಯ ಸಲ ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ ಅಂದಳು, ಮೂರನೆಯ ಸಲ ಹುಳುಕು ನರಕ್ಕೆ ಇಳಿದಿತ್ತು, ಇವತ್ತು ನಾಲ್ಕನೆಯದು. ಬೆಳಿಗ್ಗೆಯೇ ಕಂಪ್ರೆಸರ್ ರಿಪೇರಿ ಏನಾಯಿತೆಂದು ಸಾಮಗ್ರಿ ವಿಭಾಗದ ಭಾನುಪ್ರಕಾಶ್‌ಗೆ ಫೋನ್ ಮಾಡಿದ್ದೆ, ಫೈಲ್ ಮೂವ್ ಆಗಿದೆ ಮೇಡಂ, ಎಲ್ಲಿಗೆ ಮೂವ್ ಆಗಿದೆ ಸಾರ್ ಅಂದರೆ ನಕ್ಕ, ಈ ತಿಂಗಳು ಹಲ್ಲು ಕಿತ್ತಿದ್ದರಲ್ಲಿ ನಿಮ್ಮ ಸೆಂಟರೇ ಫಸ್ಟ್ ಮೇಡಂ, ಮೀಟಿಂಗ್‌ನಲ್ಲಿ ನಿಮ್ಮ ಹೆಸರು ಹೇಳಿದ್ರು — ಥೂ. ಇದು ಉಳಿಯೋ ಹಲ್ಲು ಕಣಮ್ಮ, ಚೀಟಿ ಬರೆದು ಕೊಡ್ತೀನಿ, ಸಿಟಿಯಲ್ಲಿ ಡೆಂಟಲ್ ಕಾಲೇಜಿಗೆ ಹೋಗು, ರೂಟ್ ಕೆನಾಲ್ ಮಾಡ್ತಾರೆ ಅಂದೆ. ಹೋಗಿದ್ನಿರಿ ಮೇಡಂ, ಟೋಕನ್ ಮುಗದಿತ್ತು, ಇನ್ನ ನಾಕ ಸಲ ಬರಬೇಕ ಅಂದ್ರು, ಇನ್ನೊಂದ ರಜಾ ಹಾಕಿದ್ರ ಕೆಲಸಕ್ಕ ಬರಬ್ಯಾಡ ಅಂದಾನ್ರಿ ಸೂಪರ್‌ವೈಸರ್, ಕಿತ್ತ ಬಿಡ್ರಿ. ಅವಳ ದನಿಯಲ್ಲಿ ಸಿಟ್ಟಿಲ್ಲ, ಅದೇ ನನ್ನನ್ನು ಉರಿಸುತ್ತದೆ, ಬೈದಿದ್ದರೆ ನಾನೂ ಬೈಯುತ್ತಿದ್ದೆ, ಬೇಕಾದರೆ ನಿನ್ನ ಸೂಪರ್‌ವೈಸರ್ ಜೊತೆ ಮಾತಾಡುತ್ತೇನೆ ಅಂದೆ, ಬ್ಯಾಡ್ರಿ ಅಂದಳು, ಹೆದರಿಕೆ ಕಣ್ಣಲ್ಲೇ ಕಂಡಿತು, ಇನ್ನೇನು ಉಳಿಯಿತು, ಜೋಮು ಹಿಡಿಸುವ ಸೂಜಿಮದ್ದು, ಇದೊಂದು ಸದ್ಯ ಇದೆ, ಚುಚ್ಚಿದೆ, ತುಟಿ ಜೋಮು ಹಿಡಿಯಿತಾ, ಹೂಂ, ಇಕ್ಕಳ ಹಾಕಿದೆ, ಅಲ್ಲಾಡುವುದಿಲ್ಲ, ಬೇರು ಹಾಳಾದ ಹಲ್ಲು ಹೀಗೆ ಹಟ ಹಿಡಿಯುವುದಿಲ್ಲ, ಹಿಂದಕ್ಕೆ ಮುಂದಕ್ಕೆ ಜಗ್ಗುತ್ತ ನನ್ನ ಭುಜ ಸೋತಿತು, ಲೋಕೇಶ್ ಅವಳ ತಲೆ ಗಟ್ಟಿಯಾಗಿ ಹಿಡಿದ, ಹತ್ತು ವರ್ಷದಿಂದ ಇಲ್ಲಿ ಅಟೆಂಡರ್, ಅವನೂ ಮುಖ ತಿರುಗಿಸಿದ, ಕೊನೆಗೆ ಬಂತು. ಹತ್ತಿ ಕಚ್ಚಿಕೊಂಡೇ ಎದ್ದಳು, ಮಧ್ಯಾಹ್ನ ಎರಡರ ಶಿಫ್ಟಿಗೆ ಹೋಗಬಹುದಾ ಎಂದು ಕೈಸನ್ನೆಯಲ್ಲೇ ಕೇಳಿದಳು, ಬಿಸಿ ಏನೂ ಕುಡಿಯಬೇಡ ಅಂದೆ, ತಲೆಯಾಡಿಸಿ ಕೈ ಮುಗಿದಳು, ನನಗೆ ಕೈ ಮುಗಿದಳು, ಹೊರಟುಹೋದಳು. ರಿಜಿಸ್ಟರಿನಲ್ಲಿ ಚಿಕಿತ್ಸೆ ಪೂರ್ಣ ಎಂದು ಬರೆಯಬೇಕು, ಟ್ರೇಯಲ್ಲಿ ಆ ಹಲ್ಲು, ಅದರ ಎರಡು ಬೇರು, ಉದ್ದ, ನೇರ, ಎಲ್ಲೂ ಒಂದು ಚೂರು ಸವೆದಿಲ್ಲ, ಮುಂದಿನವರನ್ನ ಕಳಿಸ್ಲಾ ಮೇಡಂ ಅನ್ನುತ್ತಿದ್ದಾನೆ ಲೋಕೇಶ್, ಹೂಂ ಅನ್ನಬೇಕು, ಎರಡು ಬೇರು, ಅದನ್ನೆತ್ತಿ ಬುಟ್ಟಿಗೆ ಹಾಕಬೇಕು, ಕೈ ಹೋಗುತ್ತಿಲ್ಲ, ಮೇಡಂ, ಮೇಡಂ, ಎರಡು ಬೇರು, ಗಟ್ಟಿಯಾಗಿದ್ದವು, ಎರಡೂ